ಝಳ ಬೇರೆ, ಸೆಖೆ ಬೇರೆ

ಕಲಬುರಗಿಯಿಂದ ಮಂಗಳೂರಿಗೆ ಕೆಲಸಕ್ಕೆಂದು ಹೋದ ಮೊದಲ ಬೇಸಿಗೆಯಲ್ಲೇ ನಾನೊಂದು ಜಾಣತನ ಮಾಡಿದೆ. ಮನೆಯಲ್ಲಿದ್ದ ತಗಡಿನ ಮೈಯ ಏರ್‌ಕೂಲರನ್ನು ಲಾರಿಗೆ ಹಾಕಿಸಿ ತರಿಸಿಕೊಂಡೆ. ಮೂರು ಮಗ್ಗುಲಿಗೂ ಹುಲ್ಲಿನ ಪ್ಯಾಡು, ಕೆಳಗೆ ನೀರಿನ ತೊಟ್ಟಿ, ಮುಂದೆ ವಿಮಾನದಂತೆ ಸದ್ದು ಮಾಡುವ ಫ್ಯಾನು. ಮೇ ತಿಂಗಳ ಕಲಬುರಗಿಯಲ್ಲಿ ಇದರ ಎದುರು ಮಲಗಿದವರು ನಸುಕಿಗೆ ಚಾದರ ಎಳೆದುಕೊಳ್ಳುತ್ತಿದ್ದರು. ಮಂಗಳೂರಿನಲ್ಲಿ ಅದನ್ನು ಹಚ್ಚಿ ಮಲಗಿದ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ದಿಂಬು ಒದ್ದೆ, ಡಬ್ಬಿಯ ಉಪ್ಪು ನೀರು, ಊರಿಂದ ತಂದ ಶೇಂಗಾ ಹಿಂಡಿ ಮುದ್ದೆ. ಮೈಗೆ ಮಾತ್ರ ತಂಪಿನ ಸುಳಿವೇ ಇಲ್ಲ. ಮಹಡಿ ಹತ್ತಿ ಬಂದ ಮನೆ ಮಾಲೀಕರು ಕೂಲರ್ ನೋಡಿ, ನನ್ನ ಮುಖ ನೋಡಿ, “ಎಂತ ಮಾರಾಯ್ರೆ, ಸೆಖೆಗೆ ನೀವು ನೀರು ಬೇರೆ ಹಾಕ್ತಾ ಇದ್ದೀರಾ?” ಅಂದರು.

ಆ ‘ಸೆಖೆ’ ಅನ್ನುವ ಶಬ್ದವನ್ನು ನಮ್ಮ ಕಡೆ ಯಾರೂ ಆಡುವುದಿಲ್ಲ. ನಮ್ಮಲ್ಲಿ ಇರುವುದು ಬಿಸಿಲು, ಝಳ, ಧಗೆ. ಮಧ್ಯಾಹ್ನ ಹೊರಗೆ ಕಾಲಿಟ್ಟರೆ ಒಲೆಯ ಬಾಯಿಗೆ ಮುಖ ಕೊಟ್ಟಂತೆ ಹೊಡೆಯುವುದು ಝಳ. ಬೆಳಿಗ್ಗೆ ಸ್ನಾನ ಮಾಡಿ ಅಂಗಿಯ ಗುಂಡಿ ಹಾಕುವಷ್ಟರಲ್ಲಿ ಬೆನ್ನಿಗೆ ಬಟ್ಟೆ ಅಂಟುವುದು ಸೆಖೆ. ಕನ್ನಡಕ್ಕೆ ಈ ವ್ಯತ್ಯಾಸ ಎಂದೋ ಗೊತ್ತಿತ್ತು. ಆದರೆ ಪ್ರತಿ ಮಾರ್ಚ್‌ನಲ್ಲಿ ಫೋನಿಗೆ ಬಂದು ಬೀಳುವ ಬೇಸಿಗೆಯ ಸಲಹೆಗಳಿಗೆ, ಸರ್ಕಾರದ ಎಚ್ಚರಿಕೆಗಳಿಗೆ, ಕೊನೆಗೆ ನಾವು ಕಟ್ಟುವ ಮನೆಗಳಿಗೂ ಅದು ಗೊತ್ತಿದ್ದಂತಿಲ್ಲ. ಬೀದರಿಗೂ ಉಳ್ಳಾಲಕ್ಕೂ ಒಂದೇ ಸಲಹೆ: ಕಿಟಕಿ ಮುಚ್ಚಿ, ಒದ್ದೆ ಬಟ್ಟೆ ಕಟ್ಟಿ, ಮಡಕೆ ನೀರು ಕುಡಿಯಿರಿ. ಈ ಮೂರರಲ್ಲಿ ಒಂದೂ ಕರಾವಳಿಯಲ್ಲಿ ಹೇಳಿದಷ್ಟು ಕೆಲಸ ಮಾಡುವುದಿಲ್ಲ.

ಕಾರಣ ಮಡಕೆಯಲ್ಲೇ ಇದೆ. ನಮ್ಮವ್ವ ಹರವಿಯನ್ನು ಪಡಸಾಲೆಯ ಮೂಲೆಯಲ್ಲಿ ಮರಳಿನ ಮೇಲೆ ಕೂರಿಸಿ, ಸುತ್ತ ಒದ್ದೆ ಗೋಣಿತಟ್ಟು ಕಟ್ಟುತ್ತಿದ್ದಳು. ಮಣ್ಣಿನ ಸಣ್ಣ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಹೀಗೆ ಹರವಿ ಎಷ್ಟು ತಣ್ಣಗಾಗಬಹುದು ಎನ್ನುವುದಕ್ಕೆ ಒಂದು ಮಿತಿಯಿದೆ, ಆ ಮಿತಿಯನ್ನು ನಿರ್ಧರಿಸುವುದು ಗಾಳಿ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಹಾಯಿಸಿದಾಗ ಅದು ಎಲ್ಲಿಯವರೆಗೆ ಇಳಿಯುತ್ತದೋ ಅದೇ ಆ ಮಿತಿ. ಹವಾಮಾನದವರು ಇದನ್ನು ವೆಟ್ ಬಲ್ಬ್ ತಾಪಮಾನ ಅನ್ನುತ್ತಾರೆ.

ಲೆಕ್ಕ ಹಾಕಿ ನೋಡಿ. ಕಲಬುರಗಿಯಲ್ಲಿ ಮಧ್ಯಾಹ್ನ 42 ಡಿಗ್ರಿ ಬಿಸಿಲು, ಗಾಳಿಯ ತೇವಾಂಶ ಶೇ 15 ಇದ್ದರೆ ವೆಟ್ ಬಲ್ಬ್ ಸುಮಾರು 22 ಡಿಗ್ರಿ. ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ ಶೇ 70 ಇದ್ದರೆ ಸುಮಾರು 29. ಅಂದರೆ ಎಂಟು ಡಿಗ್ರಿ ಹೆಚ್ಚು ಬಿಸಿಯಾದ ಊರಿನ ಹರವಿಯ ನೀರು ಏಳು ಡಿಗ್ರಿ ಹೆಚ್ಚು ತಣ್ಣಗಾಗಬಲ್ಲದು! ಕೂಲರೂ ಹರವಿಯ ತಮ್ಮನೇ. ಒಳ್ಳೆಯ ಪ್ಯಾಡಿನ ಕೂಲರ್ ಹೊರಗಾಳಿಗೂ ವೆಟ್ ಬಲ್ಬಿಗೂ ನಡುವಿನ ಅಂತರದ ಮುಕ್ಕಾಲು ಭಾಗದಷ್ಟಾದರೂ ಇಳಿಸುತ್ತದೆ. ಕಲಬುರಗಿಯಲ್ಲಿ 42 ಇದ್ದದ್ದು 27ರ ಆಸುಪಾಸಿಗೆ ಬಂತು. ಮಂಗಳೂರಿನಲ್ಲಿ 34 ಇದ್ದದ್ದು 30ಕ್ಕೆ ಬಂತು, ಆದರೆ ನೀರು ಕುಡಿದು ತೂಗುವ ಗಾಳಿಯಾಗಿ ಬಂತು. ನನ್ನ ಶೇಂಗಾ ಹಿಂಡಿ ಮುದ್ದೆಯಾದದ್ದು ಈ ಲೆಕ್ಕದ ಪ್ರಕಾರವೇ.

ನಮ್ಮ ಮೈ ಕೂಡ ಒಂದು ಹರವಿ. ಸುಮ್ಮನೆ ಕೂತವನ ಮೈಯೂ ಹಳೇ ಕಾಲದ 100 ವ್ಯಾಟ್ ಬಲ್ಬಿನಷ್ಟು ಶಾಖ ಹೊರಹಾಕುತ್ತಿರುತ್ತದೆ. ಸಿಮೆಂಟಿನ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುವವನದು ಅದರ ಮೂರು ನಾಲ್ಕು ಪಟ್ಟು. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಇರುವುದರಿಂದ, ಗಾಳಿ ಅದಕ್ಕಿಂತ ತಣ್ಣಗಿದ್ದರೆ ಶಾಖ ತಾನಾಗಿ ಹೊರಗೆ ಹೋಗುತ್ತದೆ. ಗಾಳಿಯೇ ಅದಕ್ಕಿಂತ ಬಿಸಿಯಾದರೆ ಉಳಿದದ್ದು ಒಂದೇ ದಾರಿ, ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಒಯ್ಯುತ್ತದೆ. ‘ಆವಿಯಾದರೆ’ ಅನ್ನುವುದೇ ಇಲ್ಲಿನ ಷರತ್ತು. ಹಣೆಯಿಂದ ಹನಿಯಾಗಿ ಜಾರಿ ನೆಲಕ್ಕೆ ಬಿದ್ದ ಬೆವರು, ಅಂಗಿ ಹಿಂಡಿದಾಗ ಇಳಿದ ಬೆವರು ಬರೀ ದಂಡ. ನೀರೂ ಹೋಯಿತು, ಉಪ್ಪೂ ಹೋಯಿತು, ತಂಪು ಬರಲಿಲ್ಲ.

ವೆಟ್ ಬಲ್ಬ್ 35 ಡಿಗ್ರಿ ಮುಟ್ಟಿದರೆ ನೆರಳಿನಲ್ಲಿ, ಫ್ಯಾನಿನ ಕೆಳಗೆ, ಬೇಕಾದಷ್ಟು ನೀರು ಕುಡಿಯುತ್ತಾ ಕೂತ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ತಾಳಲಾರ ಎಂದು ಹವಾಮಾನ ವಿಜ್ಞಾನಿಗಳಾದ ಸ್ಟೀವನ್ ಶೆರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ 2010ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದು ಕಾಗದದ ಮೇಲಿನ ಲೆಕ್ಕ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ತರುಣ ತರುಣಿಯರನ್ನು ನಿಜಕ್ಕೂ ಬಿಸಿ ಕೋಣೆಯಲ್ಲಿ ಕೂರಿಸಿ 2022ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ಕಡಿಮೆ. ತೇವದ ಗಾಳಿಯಲ್ಲಿ 31ರ ಹತ್ತಿರಕ್ಕೇ ಮೈಯೊಳಗಿನ ಉಷ್ಣತೆ ಹತೋಟಿ ತಪ್ಪಿ ಏರತೊಡಗಿತ್ತು. ಮಂಗಳೂರಿನ ಆ 29ನ್ನು ಈಗ ಇನ್ನೊಮ್ಮೆ ನೋಡಿ. 34 ಡಿಗ್ರಿ ಎಂದು ಟೀವಿಯಲ್ಲಿ ಬಂದರೆ ಘಟ್ಟದ ಮೇಲಿನ ನಾವು ನಗುತ್ತೇವೆ.

ಹಾಗೆಂದು ಒಣ ಧಗೆ ಹಗುರದ್ದು ಅನ್ನುವಂತಿಲ್ಲ. ಅದು ಮೋಸ ಮಾಡುವ ಬಗೆ ಬೇರೆ. ಅಲ್ಲಿ ಬೆವರು ಹುಟ್ಟಿದ ಚಣವೇ ಆರಿಹೋಗುವುದರಿಂದ ಬೆವರಿದ್ದೇ ಗೊತ್ತಾಗುವುದಿಲ್ಲ. ಸಂಜೆ ನೋಡಿದರೆ ಕಪ್ಪು ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ, ಮೂತ್ರ ಅರಿಸಿನ ಬಣ್ಣ, ತಲೆ ಸಿಡಿತ. ಮೈಯೊಳಗಿನ ನೀರಿನ ತೊಟ್ಟಿ ಖಾಲಿಯಾಗುವ ತನಕ ಕೂಲರು ಚೆನ್ನಾಗಿಯೇ ಓಡುತ್ತದೆ, ಆಮೇಲೆ ಒಮ್ಮೆಲೇ ನಿಲ್ಲುತ್ತದೆ. ಝಳದಲ್ಲಿ ನೀರು ತಪ್ಪಬಾರದು, ಸೆಖೆಯಲ್ಲಿ ಗಾಳಿ ತಪ್ಪಬಾರದು.

ಫ್ಯಾನಿನ ವಿಷಯವೂ ಇದೇ ಎರಡು ದಾರಿ ಹಿಡಿಯುತ್ತದೆ. ಮಂಗಳೂರಿನ 34 ಡಿಗ್ರಿಯಲ್ಲಿ ಫ್ಯಾನು ದೇವರು. ಮೈಯ ಸುತ್ತ ಕಟ್ಟಿಕೊಂಡ ತೇವದ ಪದರವನ್ನು ಸರಿಸಿ ಬೆವರು ಆರಲು ಜಾಗ ಮಾಡುತ್ತದೆ. ಅದೇ ಫ್ಯಾನು ರಾಯಚೂರಿನ ತಗಡಿನ ಮನೆಯಲ್ಲಿ ಮಧ್ಯಾಹ್ನ ಎರಡಕ್ಕೆ ತಿರುಗುತ್ತಿದ್ದರೆ ಕುಲುಮೆಗೆ ತಿದಿ ಊದಿದಂತೆ. ಗಾಳಿ 40 ಡಿಗ್ರಿ ದಾಟಿದ ಮೇಲೆ ಫ್ಯಾನು ಮೈಯನ್ನು ತಂಪು ಮಾಡುವ ಬದಲು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸುತ್ತದೆ. ಬೆವರುವ ಶಕ್ತಿ ಕುಂದಿದ ಮುದುಕರಿಗೆ ಇದು ಇನ್ನೂ ಬೇಗ ತಟ್ಟುತ್ತದೆ. ಅಲ್ಲಿ ಫ್ಯಾನಿನ ಜೊತೆಗೆ ನೀರು ಬೇಕು. ಹೆಗಲಿಗೆ ಒದ್ದೆ ಟವೆಲ್ಲು, ಬಾಗಿಲಿಗೆ ಒದ್ದೆ ಚಾದರ, ಸಿಕ್ಕರೆ ಲಾವಂಚದ ತಟ್ಟಿ. ಮಂಗಳೂರಿನಲ್ಲಿ ಇವೇ ಒದ್ದೆ ಬಟ್ಟೆಗಳನ್ನು ಬಾಗಿಲಿಗೆ ಕಟ್ಟಿದರೆ ಸಿಗುವುದು ಬೂಷ್ಟು.

ಇಷ್ಟು ಗೊತ್ತಾದ ಮೇಲೆ ಸರ್ಕಾರಿ ಎಚ್ಚರಿಕೆಯ ಅಳತೆಗೋಲನ್ನು ನೋಡೋಣ. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ಬಯಲುಸೀಮೆಯಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಿ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಬಿಸಿಗಾಳಿ. 45 ಮುಟ್ಟಿದರೆ ವಾಡಿಕೆಯ ಮಾತೇ ಬೇಡ. ಕರಾವಳಿಗೆ 37 ಡಿಗ್ರಿಯ ರಿಯಾಯಿತಿ ಇದೆ. 2025ರ ಫೆಬ್ರವರಿಯ ಕೊನೆಯ ವಾರ, ಶಿವರಾತ್ರಿಯ ಹೊತ್ತಿಗೇ, ಕರಾವಳಿ ಕರ್ನಾಟಕಕ್ಕೆ ಇಂಥ ಎಚ್ಚರಿಕೆ ಬಂದಿತ್ತು. ಆದರೂ ಈ ವ್ಯಾಖ್ಯೆಯಲ್ಲಿ ತೇವಾಂಶಕ್ಕೆ ಜಾಗವಿಲ್ಲ. 2023ರಿಂದ ಇಲಾಖೆ ತೇವಾಂಶವನ್ನೂ ಸೇರಿಸಿದ ಶಾಖ ಸೂಚ್ಯಂಕವನ್ನು ಪ್ರಾಯೋಗಿಕವಾಗಿ ಕೊಡತೊಡಗಿದೆ, ಆದರೆ ಜನರ ಬಾಯಲ್ಲಿ, ಕಚೇರಿಯ ಆದೇಶಗಳಲ್ಲಿ ಓಡಾಡುವುದು ಈಗಲೂ ಆ 40ರ ಸಂಖ್ಯೆಯೇ.

ಆ ಸಂಖ್ಯೆಯನ್ನು ನಂಬಿದರೆ ಏನಾಗಬಹುದು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನ ಸಮಾರಂಭ ಬಯಲಿನಲ್ಲಿ ನಡೆಯಿತು. ಲಕ್ಷಗಟ್ಟಲೆ ಜನ ಗಂಟೆಗಟ್ಟಲೆ ಬಿಸಿಲಿಗೆ ಕೂತರು. ಅಂದು ಅಲ್ಲಿ ತಾಪಮಾನ 40 ಮುಟ್ಟಿರಲಿಲ್ಲ. ಬಿಸಿಲಾಘಾತಕ್ಕೆ 14 ಮಂದಿ ಸತ್ತರು. ಸಮುದ್ರದ ದಡದ ತೇವ, ನೆತ್ತಿಯ ಮೇಲಿನ ಸೂರ್ಯ, ಗುಂಪಿನ ಮೈಶಾಖ, ಅಲುಗಾಡದ ಗಾಳಿ, ಇವೆಲ್ಲ ನೆರಳಿನಲ್ಲಿಟ್ಟ ಥರ್ಮಾಮೀಟರಿಗೆ ಕಾಣುವುದಿಲ್ಲ.

ಇನ್ನು ರಾತ್ರಿಯ ವಿಷಯ. ನನಗೆ ಕೇಳಿದರೆ ಬೇಸಿಗೆಯ ನಿಜವಾದ ಸಮಸ್ಯೆ ಇರುವುದೇ ಇಲ್ಲಿ. ಹಗಲು ಕಾದ ಮೈ ರಾತ್ರಿ ಆರಬೇಕು, ಎದೆಬಡಿತ ಇಳಿಯಬೇಕು, ನಿದ್ದೆ ಬರಬೇಕು. ಹಗಲಿನ ಜೊತೆಗೆ ರಾತ್ರಿಯ ತಾಪಮಾನವೂ ವಾಡಿಕೆಗಿಂತ ಬಹಳ ಏರಿದರೆ ಹವಾಮಾನ ಇಲಾಖೆ ಅದನ್ನು ‘ಬಿಸಿ ರಾತ್ರಿ’ ಎಂದು ಬೇರೆಯಾಗಿಯೇ ಎಣಿಸುತ್ತದೆ. ನಾವು ಅದನ್ನು ಎಣಿಸುವುದಿಲ್ಲ, ಏಕೆಂದರೆ ರಾತ್ರಿಯ ಬಿಸಿ ಆಕಾಶದಿಂದ ಬರುತ್ತಿದೆ ಅಂದುಕೊಂಡಿದ್ದೇವೆ. ಅದು ಬರುತ್ತಿರುವುದು ಛಾವಣಿಯಿಂದ.

ಮಂಗಳೂರು ಬಿಟ್ಟು ಬೆಂಗಳೂರಿಗೆ ಬಂದಾಗ ಇದು ಅರ್ಥವಾಯಿತು. ಕೊನೆಯ ಮಹಡಿ, ಬಾಡಿಗೆ ಸ್ವಲ್ಪ ಕಡಿಮೆ. ಯಾಕೆ ಕಡಿಮೆ ಅಂತ ಮಾರ್ಚ್‌ನಲ್ಲಿ ಗೊತ್ತಾಯಿತು. ಬೆಂಗಳೂರಿನ ಗಾಳಿ ಒಣ, ಹೊರಗೆ ರಾತ್ರಿ ಹತ್ತಕ್ಕೆ ತಂಗಾಳಿ ಬೀಸುತ್ತಿರುತ್ತದೆ. ಒಳಗೆ ಬಂದು ಸ್ಟೂಲ್ ಹತ್ತಿ ತಾರಸಿಯ ತಳಕ್ಕೆ ಅಂಗೈ ಇಟ್ಟರೆ ಆಗ ತಾನೇ ಒಲೆಯಿಂದ ಇಳಿಸಿದ ರೊಟ್ಟಿ ಹೆಂಚಿನ ನೆನಪು. ಐದಾರು ಇಂಚಿನ ಆರ್‌ಸಿಸಿ ಹಲಗೆ ಹಗಲೆಲ್ಲ ಬಿಸಿಲು ಕುಡಿದು, ಆ ಶಾಖವನ್ನು ನಿಧಾನಕ್ಕೆ ಕೆಳಗೆ ದಾಟಿಸಿ, ನಾವು ಮಲಗುವ ಹೊತ್ತಿಗೆ ಸರಿಯಾಗಿ ನಮ್ಮ ಮೇಲೆ ಸುರಿಯುತ್ತದೆ. ಕೆಳಗೆ ಫ್ಯಾನು ಆ ಬಿಸಿಯನ್ನೇ ಎಳೆದು ಮುಖಕ್ಕೆ ಹೊಡೆಯುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತು, 2024ರ ಏಪ್ರಿಲ್ ಕೊನೆಗೆ 38 ದಾಟಿತು. ಅವು ಪತ್ರಿಕೆಯ ಮುಖಪುಟಕ್ಕೆ ಬಂದ ದಿನಗಳು. ಕೊನೆಯ ಮಹಡಿಯ ಒಳಗೆ ಬೆಳಗಿನ ಜಾವ ಮೂರಕ್ಕೆ ಎಷ್ಟಿತ್ತು ಎಂದು ಯಾರೂ ಬರೆದಿಡಲಿಲ್ಲ.

ಹಿಂದಿನವರು ಎರಡು ಬಿಸಿಗೆ ಎರಡು ಬಗೆಯ ಮನೆ ಕಟ್ಟಿದ್ದರು. ಬಯಲುಸೀಮೆಯ ಮಾಳಿಗೆ ಮನೆಗೆ ದಪ್ಪ ಕಲ್ಲು ಮಣ್ಣಿನ ಗೋಡೆ, ಮೇಲೆ ಅಡಿಗಟ್ಟಲೆ ಮಣ್ಣು, ಸಣ್ಣ ಕಿಟಕಿ, ನೆತ್ತಿಯಲ್ಲೊಂದು ಬೆಳಕಿಂಡಿ, ನೆಲಕ್ಕೆ ಶಹಾಬಾದ್ ಕಲ್ಲು. ಹಗಲಿನ ಶಾಖ ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತಿತ್ತು, ಆ ಹೊತ್ತಿಗೆ ಮನೆಮಂದಿ ಹೊರಸು ಹಾಕಿಕೊಂಡು ಅಂಗಳದಲ್ಲೋ ಮಾಳಿಗೆಯ ಮೇಲೋ ಇರುತ್ತಿದ್ದರು. ತೇವವಿಲ್ಲದ ನಿರ್ಮಲ ಆಕಾಶಕ್ಕೆ ನೆಲವೂ ಮೈಯೂ ತಮ್ಮ ಶಾಖವನ್ನು ನೇರವಾಗಿ ಬಿಟ್ಟುಕೊಡುತ್ತವೆ, ನಸುಕಿಗೆ ಚಾದರ ಬೇಕಾಗುತ್ತಿದ್ದದ್ದು ಅದಕ್ಕೇ. ಕರಾವಳಿಯ ಮನೆಯ ತರ್ಕ ಇದರ ತಿರುಗುಮುರುಗು. ಅಲ್ಲಿ ಶಾಖವನ್ನು ತಡೆಹಿಡಿಯುವ ಮಾತಿಲ್ಲ, ಹಗಲಿಗೂ ರಾತ್ರಿಗೂ ತಾಪಮಾನದ ಅಂತರವೇ ಕಮ್ಮಿ. ಬೇಕಿರುವುದು ಗಾಳಿಯ ಓಡಾಟ. ಎತ್ತರದ ಇಳಿಜಾರು ಮಾಡು, ಬಿಸಿಗಾಳಿ ಸಂದಿಯಲ್ಲಿ ನುಸುಳಿ ಹೋಗುವ ಹಂಚು, ಉದ್ದ ಜಗಲಿ, ಎದುರುಬದುರು ಕಿಟಕಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಮಾಡು ಊರೂರಿಗೂ ಹೋಯಿತು.

ಈಗ ಎರಡೂ ಕಡೆ ಒಂದೇ ನಕ್ಷೆ. ಚಪ್ಪಟೆ ತಾರಸಿ, ನಾಲ್ಕೂವರೆ ಇಂಚಿನ ಇಲ್ಲವೇ ಆರಿಂಚಿನ ಬ್ಲಾಕ್ ಗೋಡೆ, ಒಂದೇ ಮಗ್ಗುಲಿಗೆ ಗಾಜಿನ ಸ್ಲೈಡಿಂಗ್ ಕಿಟಕಿ, ಅದರಲ್ಲೂ ಯಾವಾಗಲೂ ಅರ್ಧವೇ ತೆರೆದುಕೊಳ್ಳುವಂಥದ್ದು. ಝಳಕ್ಕೆ ಬೇಕಾದ ದಪ್ಪವೂ ಇಲ್ಲ, ಸೆಖೆಗೆ ಬೇಕಾದ ಗಾಳಿಯೂ ಇಲ್ಲ.

ಮನೆ ಕೆಡವಿ ಕಟ್ಟುವುದಂತೂ ಆಗದ ಮಾತು. ಛಾವಣಿಗೆ ಬಿಳಿ ಬಳಿಯಬಹುದು. ಕಪ್ಪುಗಟ್ಟಿದ ಸಿಮೆಂಟು ಬಿಸಿಲಿನ ಬಹುಪಾಲನ್ನು ನುಂಗುತ್ತದೆ, ಬಿಳಿ ಮೈ ಬಹುಪಾಲನ್ನು ಆಕಾಶಕ್ಕೇ ತಿರುಗಿಸಿ ಕಳಿಸುತ್ತದೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಬಿಸಿಲು 46.8 ಡಿಗ್ರಿಗೆ ಏರಿ, ವಾಡಿಕೆಗಿಂತ 1,344 ಹೆಚ್ಚು ಸಾವು ಆ ಒಂದೇ ತಿಂಗಳಲ್ಲಿ ದಾಖಲಾದವು. ಅದರ ಪೆಟ್ಟು ತಿಂದೇ ಆ ನಗರ 2013ರಲ್ಲಿ ಶಾಖ ಕ್ರಿಯಾ ಯೋಜನೆ ಮಾಡಿತು, ದಕ್ಷಿಣ ಏಷ್ಯಾಕ್ಕೇ ಅದು ಮೊದಲನೆಯದು. ಮುಂದೆ ಕೊಳೆಗೇರಿಗಳ ತಗಡು, ಸಿಮೆಂಟ್ ಛಾವಣಿಗಳಿಗೆ ಬಿಳಿ ಬಳಿಯುವ ಕೆಲಸ ಅದಕ್ಕೆ ಸೇರಿತು. ಮನೆಯೊಳಗೆ 2ರಿಂದ 5 ಡಿಗ್ರಿ ಇಳಿಯುತ್ತದೆ ಎನ್ನುತ್ತಾರೆ. ನಮ್ಮ ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಐದು ವರ್ಷದ ನೀತಿ ತಂದಿತು. ಸೇಡಂ ದಾಟಿದರೆ ತೆಲಂಗಾಣ, ಬಿಸಿಲೇನೂ ಗಡಿಯಲ್ಲಿ ಬದಲಾಗುವುದಿಲ್ಲ.

ನಾನು ಬಾಡಿಗೆ ಮನೆಯ ತಾರಸಿಗೆ ಸುಣ್ಣವನ್ನೇ ಹೊಡೆದೆ. ಹಿಂದಿನ ರಾತ್ರಿ ನೆನೆಹಾಕಿದ ಸುಣ್ಣಕ್ಕೆ ಒಂದಿಷ್ಟು ಅಂಟು ಬೆರೆಸಿ, ಪೊರಕೆಯಿಂದ ತಾರಸಿ ಗುಡಿಸಿ ತೊಳೆದು, ಸಂಜೆ ಬಿಸಿಲಿಳಿದ ಮೇಲೆ ಎರಡು ಕೈ. ಕೂಲಿ ಉಳಿಯಿತು, ಸೊಂಟ ಹೋಯಿತು. ಮಾಲೀಕರಿಗೆ “ತಾರಸಿ ಸೋರಬಾರದು ಅಂತ” ಎಂದು ಹೇಳಿದೆ, ತಂಪಿಗೆ ಅಂದಿದ್ದರೆ ಬಾಡಿಗೆ ಏರಿಸುತ್ತಿದ್ದರೇನೋ. ಒಂದು ವಾರದ ಮೇಲೆ ರಾತ್ರಿ ಸ್ಟೂಲ್ ಹತ್ತಿ ಅಂಗೈ ಇಟ್ಟೆ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಮೊದಲ ಮಳೆಗೆ ಅರ್ಧ ತೊಳೆದುಹೋಗುತ್ತದೆ ಎಂಬುದು ನಿಜ, ಪ್ರತಿ ಫೆಬ್ರವರಿಗೆ ಮತ್ತೆ ಹೊಡೆಯಬೇಕು.

ಬೀದಿಗೆ ನೆರಳು ಇನ್ನೊಂದು ಛಾವಣಿ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರವಿರುವ ರಸ್ತೆಯ ಗಾಳಿ ಮರವಿಲ್ಲದ ರಸ್ತೆಯದ್ದಕ್ಕಿಂತ 5.6 ಡಿಗ್ರಿಯವರೆಗೆ ತಂಪು, ಡಾಂಬರಿನ ಮೈಯಂತೂ 27.5 ಡಿಗ್ರಿಯವರೆಗೆ ತಂಪು. ಆ ಡಾಂಬರು ಅಷ್ಟು ಕಡಿಮೆ ಕಾದರೆ ರಾತ್ರಿ ನಮಗೆ ವಾಪಸು ಕೊಡುವುದೂ ಅಷ್ಟೇ ಕಡಿಮೆ.

ಕಿಟಕಿಗೆ ಬರುವುದಾದರೆ: ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿಯಲ್ಲಿ ಬೆಳಿಗ್ಗೆ ಎಂಟೊಂಬತ್ತಕ್ಕೆ ಎಲ್ಲ ಮುಚ್ಚಿ, ಹೊರಗಿನ ಗಾಳಿ ಒಳಗಿಗಿಂತ ತಣ್ಣಗಾದ ಮೇಲೆ ರಾತ್ರಿ ತೆರೆಯುವುದು ಸರಿ. ಕರಾವಳಿಯಲ್ಲಿ ಹಗಲೂ ತೆರೆದೇ ಇರಲಿ, ಎದುರು ಬಾಗಿಲೂ ತೆರೆದಿರಲಿ. ಬೆಂಗಳೂರು, ಮೈಸೂರು ಕಲಬುರಗಿಯ ಪಂಕ್ತಿಗೆ ಸೇರಿದವು, ಸೊಳ್ಳೆ ಪರದೆಯೊಂದು ಹೆಚ್ಚುವರಿ.

ಎಸಿ ಬೇಡವೆಂದು ಬೋಧಿಸುವವನು ನಾನಲ್ಲ. ಕರಾವಳಿಯಲ್ಲಿ ಅದು ಗಾಳಿಯ ನೀರನ್ನು ಹಿಂಡಿ ಪೈಪಿನಲ್ಲಿ ಹೊರಗೆ ಹಾಕುವುದರಿಂದ ನಿಜಕ್ಕೂ ಉಪಕಾರಿ. ತೇವ ಹೋದರೆ 26, 27 ಡಿಗ್ರಿಯಲ್ಲೇ ಫ್ಯಾನು ಹಾಕಿಕೊಂಡು ಹಾಯಾಗಿ ಮಲಗಬಹುದು. 18ಕ್ಕೆ ಇಟ್ಟು ರಗ್ಗು ಹೊದೆಯುವುದು ಯಾವ ಶಾಸ್ತ್ರವೋ ತಿಳಿಯದು. ಹೊಸ ಎಸಿಗಳು ಚಾಲೂ ಆಗುವಾಗಲೇ 24ಕ್ಕೆ ನಿಲ್ಲಬೇಕೆಂದು 2020ರ ಜನವರಿ 1ರಿಂದ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟು ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋ ಲೆಕ್ಕ. ನನ್ನ ತಕರಾರು ಇಷ್ಟೇ: ನಿಮ್ಮ ಕೋಣೆಯಿಂದ ತೆಗೆದ ಶಾಖ ಎಲ್ಲೋ ಮಾಯವಾಗುವುದಿಲ್ಲ, ಎರಡಡಿ ಸಂದಿಯಲ್ಲಿ ಪಕ್ಕದ ಮನೆಯ ಕಿಟಕಿಗೆ ಬಡಿಯುತ್ತದೆ. ಆ ಕಿಟಕಿಯ ಹಿಂದೆ ಮಲಗಿದವರ ಹತ್ತಿರ ಎಸಿ ಇಲ್ಲ.

ಊಟ ಕುಡಿತದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ‘ತಂಪು ಪದಾರ್ಥ’ ತಿಂದರೆ ಮೈಯ ಉಷ್ಣತೆ ಇಳಿಯುವುದಿಲ್ಲ. ಆದರೆ ನಮ್ಮ ಹಿರಿಯರು ತಂಪು ಎಂದು ಕರೆದ ಪಟ್ಟಿಯನ್ನು ನೋಡಿ: ಮಜ್ಜಿಗೆ, ಅಂಬಲಿ, ಪಾನಕ, ಹೆಸರುಬೇಳೆ ಕೋಸಂಬರಿ, ತಂಬುಳಿ, ಪುನರ್ಪುಳಿ ಶರಬತ್ತು. ಹೆಚ್ಚುಕಡಿಮೆ ಎಲ್ಲದರಲ್ಲೂ ನೀರಿದೆ, ಹಲವದರಲ್ಲಿ ಉಪ್ಪಿದೆ. ಬೆವರಿನಲ್ಲಿ ಹೋಗುವುದೂ ಅವೆರಡೇ. ಉಪ್ಪಿಲ್ಲದ ಬರೀ ನೀರನ್ನೇ ದಿನವಿಡೀ ಕುಡಿದು ದುಡಿದವರಿಗೆ ಸಂಜೆ ಮೀನಖಂಡ ಹಿಡಿದುಕೊಳ್ಳುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬಾಯಾರಿಕೆಗೆ ಚೆಂದ, ಅಂಗಿಯ ಮೇಲೆ ಉಪ್ಪಿನ ಗೆರೆ ಬಿದ್ದವರಿಗೆ ಅದೊಂದೇ ಸಾಲದು, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಬೇಕು. ಬಿಪಿ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ವಿಷಯದಲ್ಲಿ ತಮ್ಮ ವೈದ್ಯರ ಮಾತು ಕೇಳಲಿ. ಮಧ್ಯಾಹ್ನ ಎರಡಕ್ಕೆ ಬಿಸಿ ಚಹಾ ಕುಡಿಯುವ ನಮ್ಮ ಕಡೆಯವರನ್ನು ನೋಡಿ ಬೆಂಗಳೂರಿನ ಗೆಳೆಯರು ನಗುತ್ತಾರೆ. ಬಿಸಿ ಪಾನೀಯ ಬೆವರನ್ನು ಹೆಚ್ಚಿಸುತ್ತದೆ, ಆ ಬೆವರು ಪೂರ್ತಿ ಆರುವಂತಿದ್ದರೆ ಕೂಡಿದ್ದಕ್ಕಿಂತ ಕಳೆದ ಶಾಖವೇ ಹೆಚ್ಚು ಎಂದು ಒಟ್ಟಾವಾ ವಿಶ್ವವಿದ್ಯಾಲಯದವರು 2012ರಲ್ಲಿ ತೋರಿಸಿದ್ದಾರೆ. ಆರುವಂತಿದ್ದರೆ. ಮಂಗಳೂರಿನಲ್ಲಿ ಪ್ರಯತ್ನಿಸಬೇಡಿ.

ಓಆರ್‌ಎಸ್ ಬಗ್ಗೆ ಒಂದು ಮಾತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿ ಮುಗಿದಾಗ ವೈದ್ಯ ದಿಲೀಪ್ ಮಹಾಲನಬಿಸ್ ಉಪ್ಪು ಸಕ್ಕರೆಯ ದ್ರಾವಣ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಆ ಅಳತೆಯೇ ಅದರ ಪ್ರಾಣ. ಔಷಧಿ ಅಂಗಡಿಯ ದೊಡ್ಡ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿಗೇ ಕಲಸಬೇಕು, ಲೋಟಕ್ಕೆ ಚಿಟಿಕೆ ಅಂತಲ್ಲ. ಪಕ್ಕದ ಶೆಲ್ಫಿನಲ್ಲಿರುವ ಟೆಟ್ರಾ ಪ್ಯಾಕ್‌ಗಳು ಬಹುಪಾಲು ಸಕ್ಕರೆ ನೀರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಅಕ್ಷರಗಳೇ ಇರಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಬೇಕಾಯಿತು.

ಬಿಸಿಲಿನಲ್ಲಿದ್ದವರು ತಡವರಿಸಿ ಮಾತಾಡತೊಡಗಿದರೆ, ಯಾರೆಂದು ಗುರುತು ಹಿಡಿಯದಿದ್ದರೆ, ಮೈ ಕೆಂಡವಾಗಿದ್ದರೆ ಅದು ಬಿಸಿಲಾಘಾತ. ಬೆವರಿದ್ದರೂ ಆಗಬಹುದು, ಮೈ ಒಣಗಿದ್ದರೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. 108ಕ್ಕೆ ಫೋನ್ ಮಾಡಿ, ಗಾಡಿ ಬರುವ ತನಕ ಕಾಯದೆ ನೆರಳಿಗೆ ಎಳೆದು ಮೈಮೇಲೆ ನೀರು ಸುರಿಯಿರಿ, ರಟ್ಟಿನಿಂದಲಾದರೂ ಗಾಳಿ ಹಾಕಿ, ಮಂಜುಗಡ್ಡೆ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ನಾಟುವುದಿಲ್ಲ.

ಈ ಉಪಾಯಗಳೆಲ್ಲ ಮನೆಯೊಳಗೆ ಇರಬಲ್ಲವರಿಗೆ. ಕಲಬುರಗಿ ವಿಭಾಗದ ಜಿಲ್ಲೆಗಳಿಗೆ, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಗೆ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಯ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಒಳ್ಳೆಯ ಪದ್ಧತಿ, ನಮ್ಮಪ್ಪ ಎರಡಕ್ಕೆ ಮನೆಗೆ ಬಂದು ಮಲಗುತ್ತಿದ್ದದ್ದು ಆ ದಯೆಯಿಂದ. ಆದರೆ ಆ ಆದೇಶ ಕಚೇರಿಯ ಗೇಟಿಗೆ ಮುಗಿಯುತ್ತದೆ. ಗೇಟಿನ ಆಚೆ ಕಲ್ಲಂಗಡಿ ಮಾರುವವನು ಹಣ್ಣಿಗೆ ಒದ್ದೆ ಗೋಣಿ ಹೊದಿಸಿ ತಾನು ಸಂಜೆವರೆಗೂ ನಿಲ್ಲುತ್ತಾನೆ. ಕಾರ್ಖಾನೆ ಕಾಯಿದೆ 1948ರಲ್ಲೇ ಛಾವಣಿಯ ಕೆಳಗಿನ ಉಷ್ಣತೆಯ ಬಗ್ಗೆ ಮಾತಾಡಿತ್ತು, ಛಾವಣಿಯೇ ಇಲ್ಲದವರಿಗೆ ಅದು ಅನ್ವಯಿಸಲೇ ಇಲ್ಲ.

ಕರಾವಳಿಯ ಎಷ್ಟೋ ಮನೆಗಳಿಂದ ಜನ ದುಡಿಯಲು ಹೋಗುವ ಗಲ್ಫಿನಲ್ಲಿ ನಿಯಮ ಬೇರೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನ ಕೆಲಸಕ್ಕೆ ನಿಷೇಧ. ಕತಾರ್ 2021ರಲ್ಲಿ ಇನ್ನೂ ಮುಂದೆ ಹೋಗಿ, ಜೂನ್ 1ರಿಂದ ಬೆಳಿಗ್ಗೆ 10ರಿಂದ 3.30ರವರೆಗೆ ನಿಲ್ಲಿಸಿತು. ಅಷ್ಟೇ ಅಲ್ಲ, ಬಿಸಿಲು, ಗಾಳಿ, ತೇವ ಮೂರನ್ನೂ ಸೇರಿಸಿ ಅಳೆಯುವ ಸೂಚ್ಯಂಕ 32.1 ದಾಟಿದರೆ ಗಡಿಯಾರ ಎಷ್ಟೇ ತೋರಿಸಲಿ, ಕೆಲಸ ನಿಲ್ಲಬೇಕು. ಪಾಲನೆ ಎಷ್ಟಾಗುತ್ತದೆ ಎಂಬ ಜಗಳ ಬೇರೆ. ಸೆಖೆಗೊಂದು ಅಳತೆ ಕಾಗದದ ಮೇಲಾದರೂ ಇದೆ. ದೋಹಾದಲ್ಲಿ ಸಾರಣೆ ಮಾಡುವ ಉಳ್ಳಾಲದ ಹುಡುಗನಿಗೆ ಅದು ಸಿಗುತ್ತದೆ. ಊರಿಗೆ ಬಂದು ಪಕ್ಕದ ತೊಕ್ಕೊಟ್ಟಿನಲ್ಲಿ ಅದೇ ಕೆಲಸ ಹಿಡಿದರೆ ಸಿಗುವುದಿಲ್ಲ.

ತೊಕ್ಕೊಟ್ಟಿನಲ್ಲಿ ಆ ಕೆಲಸ ಮಾಡುವವರು ಹೆಚ್ಚಾಗಿ ನಮ್ಮ ಕಡೆಯವರೇ, ಕೊಪ್ಪಳ, ಬಾಗಲಕೋಟೆ, ಗದಗ, ರಾಯಚೂರಿನವರು. ಹೊಸ ಹವೆಗೆ ಮೈ ಒಗ್ಗಲು ವಾರದಿಂದ ಎರಡು ವಾರ ಬೇಕು. ಬಸ್ಸಿಳಿದ ಮರುದಿನವೇ ಅವರು ಸೆಂಟ್ರಿಂಗ್ ಮೇಲೆ ಇರುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ಮಂಗಳೂರಿಗೆ ಹೋದಾಗ, ನಾನಿದ್ದ ಹಳೆಯ ಮನೆಯ ಎದುರು ಏಳುತ್ತಿದ್ದ ಕಟ್ಟಡದ ನೆರಳಿನಲ್ಲಿ ಕೊಪ್ಪಳದ ಗೌಂಡಿಯೊಬ್ಬ ಬುತ್ತಿ ಬಿಚ್ಚಿ ಕೂತಿದ್ದ. ನಮ್ಮ ಕಡೆಯ ಮಾತು ಕೇಳಿ ಮಾತಿಗೆ ಸಿಕ್ಕ. “ನಮ್ ಕಡೆ ಬಿಸಲು ಭಾಳ ಐತ್ರಿ, ಆದ್ರ ಮೈ ಒಣಗತೈತಿ. ಇಲ್ಲಿ ಅಂಗಿ ಹಿಂಡಾದ ಆಗೇತಿ ನೋಡ್ರಿ” ಅಂದ. ಹಿಂಡಿದ ಅಂಗಿಯನ್ನು ಪಿಲ್ಲರಿನ ಕಂಬಿಗೆ ನೇತುಹಾಕಿದ್ದ. ಮೇಸ್ತ್ರಿ ಎರಡಕ್ಕೆ ಕೂಗಿದಾಗ ಅದನ್ನು ಮುಟ್ಟಿ ನೋಡಿದ, ಇನ್ನೂ ಆರಿರಲಿಲ್ಲ. ಅದನ್ನೇ ತೊಟ್ಟು ಏಣಿ ಹತ್ತಿದ.